ಅಣಬೆ, ಕಡಲಪಾಚಿಗಳ ಸ್ಥಾನ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಶಿರಸಿಯ ಕಾಡುಗಳಲ್ಲಿ ಏಳುವ ಅಣಬೆಯನ್ನೂ ಕಾರವಾರದ ಬಂಡೆಗಳಿಗೆ ಅಂಟಿ ಬೆಳೆಯುವ ಕಂದು ಸರ್ಗಾಸಮ್ ಪಾಚಿಯನ್ನೂ ಈಚೆಗೆ ನಮ್ಮೂರ ವಸ್ತುಪ್ರದರ್ಶನವೊಂದರ ಫಲಕದಲ್ಲಿ ‘ಸಸ್ಯಗಳು’ ಎಂದೇ ಬರೆದಿದ್ದುದು ಬೇಸರ ತರಿಸಿತು.

ಅಣಬೆಯಲ್ಲಿ ಪತ್ರಹರಿತ್ತಿಲ್ಲ, ಅದರ ಕೋಶಭಿತ್ತಿಯಲ್ಲಿರುವುದು ನಮ್ಮ ಸಿಗಡಿ, ಏಡಿಗಳ ಚಿಪ್ಪಿನಲ್ಲಿಯೂ ಇರುವ ಕೈಟಿನ್. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಮಂಡಿಸಿದ ಐದು ಜೀವಿಸಾಮ್ರಾಜ್ಯಗಳ ವರ್ಗೀಕರಣ ಪದ್ಧತಿಯಲ್ಲೇ ಅಣಬೆ ಸೇರಿದ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನವಿತ್ತು. ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳೆಂಬುದನ್ನು ಮುಂದೆ ವಂಶವಾಹಿಗಳ ಅಧ್ಯಯನ ತೋರಿಸಿಕೊಟ್ಟಿತು. ಸರ್ಗಾಸಮ್ಮಿನ ಬಳಗವಂತೂ ಡಯಾಟಮ್‌ಗಳೆಂಬ ಏಕಕೋಶ ಪಾಚಿಗಳದ್ದು. ಅದೇ ಬಂಡೆಯ ಮೇಲಿನ ಹಸಿರು ಪಾಚಿ ಮಾತ್ರ ಗಿಡಮರಗಳಿಗೆ ಹತ್ತಿರದ ನೆಂಟ.

ಕಣ್ಣಿಗೆ ಕಾಣದ ಜೀವಿಗಳಲ್ಲಿ ಭೇದ ಇನ್ನೂ ಆಳವಾದುದು. ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ನೋಡಿದ ಕಾರ್ಲ್ ವೋಸ್ ಮತ್ತು ಸಂಗಡಿಗರು 1990ರಲ್ಲಿ ಬ್ಯಾಕ್ಟೀರಿಯಾ, ನೋಡಲು ಅದರಂತಿದ್ದರೂ ಬೇರೆಯೇ ವಂಶದ ಆರ್ಕಿಯಾ, ಗಿಡ-ಪ್ರಾಣಿ-ಅಣಬೆಗಳೆಲ್ಲ ಸೇರುವ ಯೂಕ್ಯಾರಿಯಾ ಎಂಬ ಮೂರು ಮಹಾವಿಭಾಗಗಳನ್ನು ಸೂಚಿಸಿದರು. ಕಾಂಡ್ಲಾವನದ ಕೆಸರಿನಲ್ಲಿ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಆರ್ಕಿಯಾಗಳೇ ಹೊರತು ಬ್ಯಾಕ್ಟೀರಿಯಾಗಳಲ್ಲ.

ಮಕ್ಕಳು ಕಾಪಿ ಮಾಡಿಕೊಳ್ಳುವ ಇಂಥ ಫಲಕಗಳನ್ನು ಬರೆಸುವ ಮುನ್ನ ಸಂಘಟಕರು ಜೀವಶಾಸ್ತ್ರದ ಅಧ್ಯಾಪಕರೊಬ್ಬರಿಂದ ತಪ್ಪದೆ ಪರಿಶೀಲನೆ ಮಾಡಿಸಬೇಕೆಂದು ವಿನಂತಿ.

– ಓದುಗ, ಕಾರವಾರ