ಮೊದಲು ಕೇಳು, ಆಮೇಲೆ ಹಣತೆ ಹಚ್ಚು

ತೀರ್ಥಹಳ್ಳಿ
ಕಾರ್ತಿಕ ಮಾಸ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ, ದೊಡ್ಡಪ್ಪನಿಗೆ ತೋಟ, ಅಂಗಳ ಬಿಟ್ಟರೆ ಬೇರೆ ಧ್ಯಾನವಿಲ್ಲ. ನಿನ್ನ ಕಾಗದ ಓದಿ ಮನಸ್ಸು ತುಂಬಿತು. ನಲಿ-ಕಲಿ ಮಕ್ಕಳಿಗೆ ಬೆಳಕಿನ ವಿಷಯ ಹೇಳಿಕೊಡಬೇಕು, ಶಿವಮೊಗ್ಗದಿಂದ ಪ್ರಿಸಮ್, ಲೇಸರ್ ಟಾರ್ಚು, ಬಣ್ಣದ ಚಾರ್ಟು ತರಿಸಲೇ ಎಂದು ಕೇಳಿದ್ದೀಯ. ಈಗಲೇ ಏನೂ ತರಿಸಬೇಡ. ಲೇಸರ್ ಅಂತೂ ಆರೇಳು ವರ್ಷದ ಮಕ್ಕಳ ಕೈಗೆ ಯಾವತ್ತೂ ಬೇಡ, ಕಣ್ಣಿಗೆ ಹೊಡೆದರೆ ದೃಷ್ಟಿಗೇ ಅಪಾಯ. ಉಳಿದದ್ದಕ್ಕೆ ನಿನ್ನ ಶಾಲೆಯಲ್ಲಿ, ನಮ್ಮ ಮನೆಯಲ್ಲಿ ಇರುವ ಸಾಮಾನೇ ಸಾಕು.

ಸಾಮಾನಿಗಿಂತ ಮುಖ್ಯವಾದ ಮಾತೊಂದಿದೆ. ಯಾವ ಪ್ರಯೋಗ ಮಾಡುವುದಿದ್ದರೂ ಮೊದಲು "ಏನಾಗುತ್ತದೆ, ಹೇಳಿ ನೋಡೋಣ" ಎಂದು ಕೇಳು. ಒಬ್ಬೊಬ್ಬರೂ ಬಾಯಿ ಬಿಟ್ಟು ಹೇಳುವ ತನಕ ಕಾಯಿ. ಹಿಂದೆ ಕೂರುವ ಮಾತಿಲ್ಲದ ಮಕ್ಕಳು ಬೆರಳೆಣಿಸಿ ತೋರಿಸಿದರೂ ಸರಿ. ತಾನು ಏನಾಗುತ್ತದೆಂದು ಹೇಳಿದ್ದೇನೆ ಎಂಬುದು ಮಗುವಿನ ತಲೆಯಲ್ಲಿ ಕೂತ ಮೇಲೆಯೇ ಪ್ರಯೋಗ ಶುರುಮಾಡು. ಹಾಗೆ ಹೇಳಿದ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ. ಹೇಳದೆ ಕೂತದ್ದು ಬರೀ ಚಪ್ಪಾಳೆ ಹೊಡೆಯುತ್ತದೆ.

ಏಕೆಂದರೆ ಮಕ್ಕಳು ಖಾಲಿ ತಲೆಯಲ್ಲಿ ಬರುವುದಿಲ್ಲ. ಬೆಳಕು ಎಲ್ಲಿದೆ ಎಂದು ಕೇಳು, ಬಲ್ಬನ್ನೋ ಕಿಟಕಿಯನ್ನೋ ತೋರಿಸುತ್ತವೆ. ಬಲ್ಬಿಗೂ ಗೋಡೆಗೂ ನಡುವೆ ಏನೋ ಹಾದು ಬರುತ್ತಿದೆ ಎಂಬುದು ಅವಕ್ಕೆ ಹೊಳೆದಿರುವುದಿಲ್ಲ. ಕಣ್ಣೇ ಹೊರಗೆ ಹೋಗಿ ವಸ್ತುವನ್ನು ಹಿಡಿದು ತರುತ್ತದೆ ಎಂದು ನಂಬಿರುತ್ತವೆ. ಇದಕ್ಕೆ ನಗಬೇಡ, ಬೇರೆ ಮಕ್ಕಳು ನಗುವುದಕ್ಕೂ ಬಿಡಬೇಡ. ಯೂಕ್ಲಿಡ್, ಟಾಲೆಮಿಯಂಥ ಗ್ರೀಕ್ ಪಂಡಿತರೂ ಕಣ್ಣಿನಿಂದಲೇ ಕಿರಣ ಹೊರಡುತ್ತದೆ ಎಂದು ನಂಬಿದ್ದರು. ಅದು ಹಾಗಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಗಟ್ಟಿಯಾಗಿ ತೋರಿಸಿಕೊಟ್ಟವನು ಸುಮಾರು ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಇಬ್ನ್ ಅಲ್ ಹೈತಮ್. ಅವನು ಮಾಡಿದ ಒಂದು ಪ್ರಯೋಗವನ್ನು ನೀನು ಹಣತೆಯಲ್ಲೇ ಮಾಡಬಹುದು. ದೀಪಾವಳಿಯವು ಉಳಿದಿರುತ್ತವಲ್ಲ.

ಕಿಟಕಿಗೆ ಗೋಣಿಚೀಲವೋ ಕಂಬಳಿಯೋ ಕಟ್ಟಿ ಕೋಣೆ ಕತ್ತಲು ಮಾಡು. ಮೇಜಿನ ಮೇಲೆ ಮೂರು ಹಣತೆಗಳನ್ನು ನಾಲ್ಕು ಬೆರಳು ಅಂತರದಲ್ಲಿ ಸಾಲಾಗಿಡು. ಒಂದು ಗೇಣು ದೂರದಲ್ಲಿ ರಟ್ಟು ನಿಲ್ಲಿಸಿ, ಅದರಲ್ಲಿ ಜ್ವಾಲೆಯ ಎತ್ತರಕ್ಕೆ ದಬ್ಬಣದಿಂದ ಒಂದೇ ಒಂದು ತೂತು ಮಾಡು. ರಟ್ಟಿನ ಆಚೆ ಅರ್ಧ ಗೇಣಿನಲ್ಲಿ ಬಿಳಿ ಹಾಳೆ ಹಿಡಿಯಬೇಕು. ಹಚ್ಚುವ ಮೊದಲು ಕೇಳು: ಹಾಳೆಯ ಮೇಲೆ ಬೆಳಕಿನ ಚುಕ್ಕೆ ಎಷ್ಟು ಬೀಳುತ್ತದೆ? ತೂತು ಒಂದೇ ಇದೆ, ಆದ್ದರಿಂದ ಒಂದು ಎನ್ನುವವರೇ ಹೆಚ್ಚು. ಹಚ್ಚು, ಮೂರು ಬೀಳುತ್ತವೆ. ಆ ಕ್ಷಣದಲ್ಲಿ ನೀನು ಬಾಯಿ ಬಿಡಬೇಡ ಪುಟ್ಟಿ. ಮಕ್ಕಳೇ ಮಾತಾಡಲಿ.

ಮತ್ತೆ ಕೇಳು: ಎಡಗಡೆಯ ಹಣತೆಗೆ ಅಡ್ಡ ಹಿಡಿದರೆ ಯಾವ ಚುಕ್ಕೆ ಹೋಗುತ್ತದೆ? ಎಡದ್ದು ಎನ್ನುತ್ತವೆ. ಹೋಗುವುದು ಬಲದ್ದು. ಮೂರು ದೀಪಗಳ ಬೆಳಕೂ ಆ ಒಂದೇ ತೂತಿನಲ್ಲಿ ಒಂದನ್ನೊಂದು ದಾಟಿಕೊಂಡು, ಡಿಕ್ಕಿ ಹೊಡೆಯದೆ, ತಂತಮ್ಮ ದಾರಿಯಲ್ಲಿ ನೆಟ್ಟಗೆ ಹೋಗಿವೆ. ಹಾಳೆಯನ್ನು ಹತ್ತಿರದಿಂದ ನೋಡಿದರೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ಇಷ್ಟಾದ ಮೇಲೆ ಒಂದು ದಾರ ತಂದು, ಹಣತೆಯಿಂದ ತೂತಿನ ಮೂಲಕ ಚುಕ್ಕೆಯ ತನಕ ಮಕ್ಕಳ ಕೈಯಲ್ಲೇ ಎಳೆಸು. ಆಗ "ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ" ಎಂದು ಬೋರ್ಡಿನ ಮೇಲೆ ಬರೆ, ಅಲ್ಲಿಯವರೆಗೆ ಬರೆಯಬೇಡ. ಪಕ್ಕದಲ್ಲಿ ಬಕೆಟ್ ನೀರಿರಲಿ. ಹಣತೆ ಮುಟ್ಟುವುದು, ಹಚ್ಚುವುದು, ಆರಿಸುವುದು ಎಲ್ಲ ನೀನೇ.

ಕತ್ತಲೆಗೆ ಹೆದರುವ ಮಕ್ಕಳಿದ್ದರೆ ಕೋಣೆ ಮುಚ್ಚುವ ಮೊದಲು ಚಪ್ಪಲಿ ಡಬ್ಬದಿಂದ ಆರಂಭಿಸು. ಒಳಗೆ ಒಂದು ಗೋಲಿ ಇಟ್ಟು, ಪಕ್ಕದಲ್ಲಿ ಕಣ್ಣಿಡುವಷ್ಟು ತೂತು ಮಾಡಿ, ಮುಚ್ಚಳ ಭದ್ರವಾಗಿ ಮುಚ್ಚು. ಸ್ವಲ್ಪ ಹೊತ್ತು ನೋಡಿದರೆ ಕಾಣಿಸುತ್ತದೆಯೇ ಎಂದು ಕೇಳಿದರೆ ಹೌದೆನ್ನುತ್ತವೆ. ಎಷ್ಟು ಹೊತ್ತು ನೋಡಿದರೂ ಕಾಣುವುದಿಲ್ಲ. ಮುಚ್ಚಳ ಎಳೆಯಷ್ಟು ಸರಿಸು, ಗೋಲಿ ಕಾಣುತ್ತದೆ. ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ ಟೀಚರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಟಾರ್ಚಿನ ಬೆಳಕನ್ನೇ ತಿರುಗಿಸಿ ಕಳಿಸುತ್ತದೆ, ಮಿಂಚುಹುಳ ತನ್ನ ಬೆಳಕನ್ನು ತಾನೇ ಮಾಡಿಕೊಳ್ಳುತ್ತದೆ. ಚಂದ್ರ ಯಾವ ಗುಂಪಿಗೆ ಎಂದು ಅವರನ್ನೇ ಕೇಳು.

ಹೆಂಚಿನ ಶಾಲೆ ಸಿಕ್ಕಿರುವುದು ನಿನ್ನ ಪುಣ್ಯ. ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ಬಿಲ್ಲೆಗಳನ್ನು ನೋಡಿದ್ದೀಯಲ್ಲ? ಸಂದಿ ಸೀಳಿಕೊಂಡಿರಲಿ, ಮೂಲೆ ಮುರಿದಿರಲಿ, ಸಣ್ಣದಾಗಿದ್ದರೆ ಬಿಲ್ಲೆ ಮಾತ್ರ ದುಂಡಗೇ ಇರುತ್ತದೆ. ನೆಲದ ಮೇಲೆ ಓರೆಯಾಗಿ ಬಿದ್ದು ಉದ್ದಗೆ ಕಂಡರೆ, ಹಾಳೆಯನ್ನು ಬಿಸಿಲಿಗೆ ನೇರ ಮುಖ ಮಾಡಿ ಹಿಡಿ. ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಮೂರು ಮೀಟರ್ ದೂರಕ್ಕೆ ಸುಮಾರು ಮೂರು ಸೆಂಟಿಮೀಟರ್ ಅಗಲ ಬರುತ್ತದೆ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣವಾಯಿತಲ್ಲ, ಮಂಗಳೂರು, ಕೊಡಗಿನ ಕಡೆ ಕಂಕಣವಾಗಿ ಕಂಡದ್ದು, ನಮಗೆ ಪಾರ್ಶ್ವ. ಅಂಥ ಹೊತ್ತಿನಲ್ಲಿ ಈ ಬಿಲ್ಲೆಗಳೂ, ಮರದ ಕೆಳಗೆ ಎಲೆಗಳ ಸಂದಿನಿಂದ ಬೀಳುವವೂ, ಎಲ್ಲವೂ ಚೌತಿ ಚಂದ್ರನ ಆಕಾರಕ್ಕೆ ತಿರುಗುತ್ತವೆ. ಬಾಗಿಲು ಹಾಕಿಕೊಂಡು ಒಳಗೆ ಕೂತವರಿಗೆ ಇದು ತಪ್ಪಿಹೋಗುತ್ತದೆಂದು ನನಗೆ ಬಹಳ ಬೇಸರ. ಗ್ರಹಣಕ್ಕೇ ಕಾಯಬೇಕಿಲ್ಲ. ಒಂದು ಸೆಂಟಿಮೀಟರಿನ ಚೌಕ ಕಿಂಡಿ ಬಿಟ್ಟು ಕನ್ನಡಿಗೆ ಪೇಪರ್ ಅಂಟಿಸಿ, ಬಿಸಿಲನ್ನು ಮೊದಲು ಹತ್ತಿರದ ಗೋಡೆಗೆ, ಆಮೇಲೆ ಹತ್ತು ಮೀಟರ್ ಆಚೆಯ ನೆರಳಿನ ಗೋಡೆಗೆ ಬಿಡು. ಹತ್ತಿರ ಚೌಕ, ದೂರ ದುಂಡಗೆ. ಕಾರಣವನ್ನು ಈ ವಯಸ್ಸಿಗೆ ಪೂರ್ತಿ ಹೇಳಲು ಹೋಗಬೇಡ. ಸೂರ್ಯನ ಚಿತ್ರ ಎಂದರೆ ಸಾಕು.

ಅದೇ ಕನ್ನಡಿಗಳನ್ನು ನಾಲ್ಕೈದು ಮಕ್ಕಳ ಕೈಗೆ ಕೊಟ್ಟು, ಅಂಗಳದ ಬಿಸಿಲನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಬಿಸಿಯೂಟದ ಉಗ್ರಾಣದೊಳಗಿನ ಅಕ್ಕಿ ಮೂಟೆಯ ತನಕ ಮುಟ್ಟಿಸಲು ಹೇಳು. ಅರ್ಧ ದಿನ ಅದರಲ್ಲೇ ಕಳೆದರೂ ಕಳೆಯಲಿ. ದಾರಿಯಲ್ಲಿ ಬೆಳಕು ಕಾಣುವುದಿಲ್ಲವಲ್ಲ ಎಂದಾಗ ಡಸ್ಟರ್ ತಟ್ಟು, ಸೀಮೆಸುಣ್ಣದ ಧೂಳಿನಲ್ಲಿ ಕೋಲು ಮೂಡುತ್ತದೆ. ಬಚ್ಚಲೊಲೆಯ ಹೊಗೆಯಲ್ಲಿ ಗಾಜಿನ ಹೆಂಚಿನ ಬಿಸಿಲು, ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸಿನ ದೀಪ, ಇವನ್ನೆಲ್ಲ ಆಮೇಲೆ ಮಕ್ಕಳೇ ನಿನಗೆ ತಂದು ಹೇಳುತ್ತವೆ.

ನೆರಳಿಗೆ ಅಂಗಳದಲ್ಲಿ ಒಂದು ಅಡಿಕೆ ದಬ್ಬೆ ನೆಟ್ಟಗೆ ಊರು. ಪ್ರತಿ ಬೆಲ್ಲಿಗೆ ನೆರಳಿನ ತುದಿಗೆ ಕಲ್ಲಿಡಲಿ. ಮಧ್ಯಾಹ್ನ ಸೂರ್ಯ ದಿನಾ ನಡುನೆತ್ತಿಗೆ ಬರುತ್ತಾನೆಂದು ದೊಡ್ಡವರೂ ತಿಳಿದಿರುತ್ತಾರೆ. ನಮ್ಮ ಶಿವಮೊಗ್ಗದ ಸೀಮೆಯಲ್ಲಿ ಅದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ. ಆ ಎರಡರ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ, ಉಳಿದ ಕಾಲ ಉತ್ತರಕ್ಕೆ. ಆಗಸ್ಟಿನಲ್ಲಿ ನಮಗೆ ಮೋಡ ಬಿಟ್ಟರೆ ಬೇರೇನೂ ಕಾಣದು, ಆದ್ದರಿಂದ ಏಪ್ರಿಲಿನದನ್ನು ರಜೆಯಲ್ಲಿ ಮನೆಯಲ್ಲೇ ನೋಡಲು ಹೇಳು. ಅತಿ ಗಿಡ್ಡ ನೆರಳು ಆಗ ಬೀಳುವುದು 12.25ರ ಸುಮಾರಿಗೆ, ಈಗ 12.10 ದಾಟಿದ ಮೇಲೆ.

ಹಾಲಿನ ಪ್ರಯೋಗವನ್ನು ಮರೆಯಬೇಡ. ಎತ್ತರದ ಗಾಜಿನ ಜಾಡಿಯಲ್ಲಿ ನೀರು ತುಂಬಿ, ಹನಿ ಹನಿ ಹಾಲು ಬೆರೆಸುತ್ತ, ಅಡಿಯಿಂದ ಟಾರ್ಚ್ ಬಿಡು. ಪಕ್ಕದಿಂದ ನೋಡಿದರೆ ತಿಳಿ ನೀಲಿ ಛಾಯೆ, ಮೇಲಿಂದ ಇಣುಕಿದರೆ ಟಾರ್ಚು ಹಳದಿ, ಕೇಸರಿ. ಆಗುಂಬೆಯ ಸೂರ್ಯಾಸ್ತಕ್ಕೆ ಹೋಗಿ ಬಂದ ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ. ಸಂಜೆಯ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರುವಷ್ಟರಲ್ಲಿ ನೀಲಿಯೆಲ್ಲ ಚದುರಿಹೋಗಿ ಕೆಂಪು ಉಳಿಯುತ್ತದೆ.

ಬಟ್ಟಲಿನ ನಾಣ್ಯ ನೀರು ಹೊಯ್ದಾಗ ಮೇಲೆದ್ದಂತೆ ಕಾಣುವುದು, ಪ್ಲಾಸ್ಟಿಕ್ ಹಾಳೆಯ ಮೇಲಿನ ನೀರಹನಿ ಕೆಳಗಿನ ಅಕ್ಷರ ದೊಡ್ಡದು ಮಾಡುವುದು, ಇವು ನಿನಗೇ ಗೊತ್ತು. ಕಾಮನಬಿಲ್ಲಿಗೆ ಬೆಳಿಗ್ಗೆಯೋ ಸಂಜೆಯೋ ಸೂರ್ಯನಿಗೆ ಬೆನ್ನು ಹಾಕಿ ಪೈಪಿನ ನೀರು ಚಿಮ್ಮಿಸು. ಸೂರ್ಯ 42 ಡಿಗ್ರಿಗಿಂತ ಮೇಲೇರಿದ ಮೇಲೆ ಆಕಾಶದಲ್ಲಿ ಅದು ಕಾಣಸಿಗುವುದಿಲ್ಲ. ಜೋಗಕ್ಕೆ ಪ್ರವಾಸ ಕರೆದುಕೊಂಡು ಹೋದರೆ ಬೆನ್ನು ಯಾವ ಕಡೆಗೆ ಎಂದು ಮೊದಲೇ ಕೇಳಿಸು.

ಸೂರ್ಯನನ್ನು ನೇರವಾಗಿ ನೋಡಬಾರದು, ಕನ್ನಡಿಯ ಬಿಸಿಲನ್ನು ಯಾರ ಮುಖಕ್ಕೂ ಬಿಡಬಾರದು, ಇವೆರಡನ್ನು ದಿನಾ ಹೇಳು. ಒಂದು ದಿನಕ್ಕೆ ಒಂದೇ ಪ್ರಯೋಗ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಥರ್ಮಾಕೋಲಿನ ಮಾದರಿ ಮಾಡಿಸುವ ಬದಲು ಹಣತೆಯ ಮುಂದೆ ಅಪ್ಪ ಅಮ್ಮಂದಿರನ್ನು ಕೂರಿಸಿ, ಚುಕ್ಕೆ ಎಷ್ಟು ಎಂದು ಮಕ್ಕಳ ಕೈಲೇ ಕೇಳಿಸು.

ಹಳೆಯ ಬೀರುವಿನ ಕನ್ನಡಿಯನ್ನು ಅಂಗಡಿಯಲ್ಲಿ ಅಂಗೈಯಗಲ ಕತ್ತರಿಸಿಕೊಂಡು ಬಂದು, ಅಂಚಿಗೆಲ್ಲ ದಪ್ಪ ಟೇಪು ಸುತ್ತಿಟ್ಟಿದ್ದೇನೆ. ಶನಿವಾರ ಹೊಸನಗರದ ಬಸ್ಸಿಗೆ ದೊಡ್ಡಪ್ಪ ಕೊಟ್ಟು ಕಳಿಸುತ್ತಾರೆ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯೂ ಇದೆ. ಚುಕ್ಕೆ ಎಷ್ಟು ಬೀಳುತ್ತದೆ ಎಂದು ಯಾವ ಮಗು ಏನು ಹೇಳಿತು, ಆಮೇಲೆ ಏನೆಂದಿತು ಎಂಬುದನ್ನು ಮಾತು ಬದಲಿಸದೆ ಹಾಗೆಯೇ ಬರೆದು ಕಳಿಸು.

ಇಂತಿ,
ನಿನ್ನ ದೊಡ್ಡಮ್ಮ