ಓಪಿಜಿ ರೇಟು, ಟೈಮಿಂಗ್ ಬದಲಾವಣೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಹಾಸನದ ಸೆಂಟರಿನಲ್ಲಿ ಎರಡು ಬದಲಾವಣೆ ಆಗುತ್ತಿದೆ. ಓಪಿಜಿ, ಅಂದರೆ ಪೂರ್ತಿ ದವಡೆಯ ಎಕ್ಸ್-ರೇ, 400 ರೂಪಾಯಿ ಇದ್ದದ್ದು 500 ಆಗುತ್ತದೆ. ಜೊತೆಗೆ, ಬಂದವರು ಬಂದ ಹಾಗೆ ಕ್ಯೂನಲ್ಲಿ ಕೂರುವ ಪದ್ಧತಿ ಇರುವುದಿಲ್ಲ. ಒಬ್ಬೊಬ್ಬರಿಗೂ 20 ನಿಮಿಷದ ಟೈಮ್ ಕೊಟ್ಟು ಕರೆಯುತ್ತೇವೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಮಕ್ಕಳಿಗೆ ಪಕ್ಕದಿಂದ ತೆಗೆಯುವ ಸೆಫ್ ಎಕ್ಸ್-ರೇ ರೇಟು ಹಾಗೇ ಇದೆ.

ಇಷ್ಟು ವರ್ಷ ನಮ್ಮನ್ನೇ ನಂಬಿ ಬಂದವರಿಗೆ ನೂರು ರೂಪಾಯಿ ಜಾಸ್ತಿ ಅಂದರೆ ಹೊರೆಯೇ. ಅದಕ್ಕೆ ಕ್ಷಮೆ ಇರಲಿ. ಆದರೆ ಕೌಂಟರಿನಲ್ಲಿ ಕೇಳಿಬರುತ್ತಿರುವ ಕೆಲವು ಮಾತಿಗೆ ಉತ್ತರ ಹೇಳಲೇಬೇಕು.

ಮೊದಲು ದುಡ್ಡಿನ ವಿಷಯ. "ಕಳಿಸಿದ ಡಾಕ್ಟರಿಗೆ ಕಮಿಷನ್ ಕೊಡೋಕೆ ಏರಿಸಿದ್ದೀರಿ" ಅಂತ ಕೆಲವರು ಮುಖಕ್ಕೇ ಹೇಳಿದರು. ನೋವಾಯಿತು. ಯಾವ ಡಾಕ್ಟರಿಗೂ ನಾವು ಒಂದು ರೂಪಾಯಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ದುಡ್ಡು ಹೋಗುವ ದಾರಿ ಬೇರೆ. ಮಷಿನ್ನಿನ ಎಎಂಸಿ, ಅಂದರೆ ವರ್ಷದ ರಿಪೇರಿ-ನಿರ್ವಹಣೆ ಕರಾರಿನ ದುಡ್ಡು, ವರ್ಷ ವರ್ಷ ಏರುತ್ತಿದೆ. ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಒಪ್ಪಿಗೆ ಇಲ್ಲದೆ ಇಂಥ ಮಷಿನ್ ನಡೆಸುವ ಹಾಗಿಲ್ಲ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಕ್ಯೂಎ ಟೆಸ್ಟ್, ಅಂದರೆ ಮಷಿನ್ ಸರಿಯಾಗಿದೆಯಾ ಅನ್ನುವ ಗುಣಮಟ್ಟದ ಪರೀಕ್ಷೆ, ಆಗಬೇಕು. ನಮ್ಮ ಟೆಕ್ನಿಷಿಯನ್ ಎದೆ ಮೇಲೆ ಒಂದು ಬ್ಯಾಡ್ಜ್ ನೋಡಿರುತ್ತೀರಿ. ಅವರ ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ಅಳೆಯುವ ಟಿಎಲ್‌ಡಿ ಅದು. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಬರುತ್ತದೆ. ಇನ್ನು ಜಿಎಸ್‌ಟಿ. ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ನಿಮ್ಮ ಬಿಲ್ಲಿನಲ್ಲೂ ಇಲ್ಲ. ಆದರೆ ಫಿಲ್ಮಿಗೆ, ಬಿಡಿಭಾಗಕ್ಕೆ, ಸರ್ವಿಸ್ ಇಂಜಿನಿಯರಿಗೆ ನಾವು ಕಟ್ಟುವ ಜಿಎಸ್‌ಟಿ ಬೇರೆ ವ್ಯಾಪಾರದವರಿಗೆ ಸಿಗುವ ಹಾಗೆ ವಾಪಸ್ ಹೊಂದಾಣಿಕೆ ಆಗುವುದಿಲ್ಲ. ಪೂರ್ತಿ ನಮ್ಮ ಕೈಯಿಂದಲೇ ಹೋಗುತ್ತದೆ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ಕೇಳಿದ ದೂರು. "ಫೋಟೋ ಹೊಡೆಯೋದು ಹದಿನೈದು ಸೆಕೆಂಡು. ಅದಕ್ಕೆ ಓಲೆ, ಮೂಗುಬೊಟ್ಟು, ಸರ ಎಲ್ಲಾ ಬಿಚ್ಚಿಸಿ, ಕತ್ತು ಹಿಡಿದು ಹಾಗೆ ನಿಲ್ಲಿ ಹೀಗೆ ನಿಲ್ಲಿ ಅಂತ ಯಾಕೆ ಸತಾಯಿಸ್ತೀರಿ?"

ಓಪಿಜಿಯಲ್ಲಿ ಕಿರಣ ಬಿಡುವ ಟ್ಯೂಬು ಒಂದು ಕಡೆ, ಅದನ್ನು ಹಿಡಿಯುವ ಸೆನ್ಸರ್ ಎದುರು ಕಡೆ ಇದ್ದು, ಎರಡೂ ಒಟ್ಟಿಗೆ ನಿಮ್ಮ ತಲೆಯನ್ನು ಸುತ್ತಿ ಬರುತ್ತವೆ. ಹಾಗಾಗಿ ಬಲಗಿವಿಯ ಜುಮುಕಿ ಎಕ್ಸ್-ರೇನಲ್ಲಿ ಎರಡು ಸಲ ಬೀಳುತ್ತದೆ. ಒಮ್ಮೆ ತನ್ನ ಜಾಗದಲ್ಲಿ. ಇನ್ನೊಮ್ಮೆ ಎಡಗಡೆ, ಸ್ವಲ್ಪ ಮೇಲೆ, ದೊಡ್ಡದಾಗಿ, ಮಸುಕಾಗಿ. ಇದಕ್ಕೆ ಗೋಸ್ಟ್ ಇಮೇಜ್ ಅನ್ನುತ್ತಾರೆ. ಎಡಗಡೆ ಮೇಲ್ದವಡೆಯ ಮೇಲೆ ಹೀಗೆ ಬಿಳಿ ಕಲೆ ಬಂದು ಕೂತರೆ, ಅದರ ಹಿಂದೆ ಏನಿದೆ ಅಂತ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಕತ್ತಿನ ಸರ ಕೆಳದವಡೆಯ ಮೇಲೆ ಬೀಳುತ್ತದೆ.

ನಿಲ್ಲಿಸುವ ವಿಷಯಕ್ಕೆ ಬಂದರೆ, ಹಲ್ಲುಗಳು ಸ್ಪಷ್ಟವಾಗಿ ಬರುವುದು ಕುದುರೆ ಲಾಳದ ಆಕಾರದ ಒಂದು ಕಿರಿದಾದ ಜಾಗದೊಳಗೆ ಮಾತ್ರ. ಅದಕ್ಕೇ ಪ್ಲಾಸ್ಟಿಕ್ ಕಡ್ಡಿಯ ಗೀರಿನಲ್ಲೇ ಮುಂದಿನ ಹಲ್ಲು ಕಚ್ಚಿಸುವುದು. ಸ್ವಲ್ಪ ಮುಂದೆ ಬಂದರೆ ಮುಂದಿನ ಹಲ್ಲು ಸಣಕಲಾಗಿ ಕಾಣುತ್ತವೆ, ಹಿಂದೆ ಸರಿದರೆ ದಪ್ಪಗೆ. ಕಣ್ಣಿನ ಗುಳಿಯ ಕೆಳಗಿನ ಅಂಚು, ಕಿವಿ ತೂತು ಎರಡೂ ಒಂದೇ ಮಟ್ಟದಲ್ಲಿರಬೇಕು. ಮುಖದ ಮೇಲೆ ಬೀಳುವ ಲೇಸರ್ ಗೆರೆ ಅದನ್ನು ನೋಡುವುದಕ್ಕೆ. ಗದ್ದ ಕೆಳಗಿಳಿದರೆ ಹಲ್ಲಿನ ಸಾಲು ಬಾಗಿ ನಕ್ಕ ಹಾಗೆ ಬರುತ್ತದೆ. ಮೇಲೆತ್ತಿದರೆ ಅಂಗುಳದ ನೆರಳು ಮೇಲಿನ ಹಲ್ಲಿನ ಬೇರುಗಳನ್ನು ಮುಚ್ಚುತ್ತದೆ. ಕತ್ತು ಕುಗ್ಗಿಸಿ ನಿಂತರೆ ಬೆನ್ನುಮೂಳೆ ನಟ್ಟನಡುವೆ ಬೆಳ್ಳಗೆ ಬೀಳುತ್ತದೆ. "ಎಂಜಲು ನುಂಗಿ, ನಾಲಿಗೆ ಅಂಗುಳಕ್ಕೆ ಒತ್ತಿ ಹಿಡ್ಕೊಳ್ಳಿ" ಅಂತ ನಮ್ಮವರು ಸುಮ್ನೆ ಹೇಳುವುದಿಲ್ಲ. ನಾಲಿಗೆ ಕೆಳಗಿದ್ದರೆ ಆ ಸಂದಿಯ ಗಾಳಿ ಮೇಲಿನ ಹಲ್ಲಿನ ಬೇರುಗಳ ಮೇಲೆ ಕಪ್ಪು ಪಟ್ಟಿಯಾಗಿ ಬರುತ್ತದೆ.

ಮೊನ್ನೆ ಬೆನ್ನು ಬಾಗಿದ ಅಜ್ಜಿಯೊಬ್ಬರು ಅರಕಲಗೂಡು ಕಡೆಯಿಂದ ಬಂದಿದ್ದರು. ನಿಲ್ಲಿಸಿದರೆ ಕತ್ತು ನೆಟ್ಟಗಾಗುತ್ತಿರಲಿಲ್ಲ. ಸ್ಟೂಲ್ ಮೇಲೆ ಕೂರಿಸಿ, ಮಷಿನ್ ಇಳಿಸಿ, ಹಿಡಿಕೆ ಹಿಡಿಸಿ, ಬೆನ್ನ ಹಿಂದೆ ಕೈಯಿಟ್ಟು ನಿಧಾನಕ್ಕೆ ಸರಿಮಾಡಿ, ಆಮೇಲೆ ಹೊರಗೆ ಬಂದು ಬಟನ್ ಒತ್ತಿದೆವು. ಹೊರಗೆ ಕೂತವರು ಅಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದರು. ಫೋಟೋ ಒಂದೇ ಸಲಕ್ಕೆ ಸರಿಯಾಗಿ ಬಂತು. ಇಂಥ ಕೆಲಸದ ಬಗ್ಗೆ ನಮಗೆ ಹೆಮ್ಮೆ ಇದೆ. 20 ನಿಮಿಷ ಬೇಕು ಅನ್ನುವುದು ಇದಕ್ಕೇ. ಗಂಟೆಗೆ ಮೂರೇ ಜನ ಅಂದಮೇಲೆ ರೇಟೂ ಏರಲೇಬೇಕಾಯಿತು.

ಸರಿ ಬರದಿದ್ದರೆ ಇನ್ನೊಂದು ತೆಗೆಯಬಹುದಲ್ವಾ ಅನ್ನುತ್ತಾರೆ. ಅದಕ್ಕೆ ನಾವು ದುಡ್ಡು ತಗೊಳ್ಳುವುದಿಲ್ಲ, ನಿಜ. ಆದರೆ ವಿಕಿರಣ ಎರಡನೇ ಸಲ ತಾಗುವುದು ನಿಮ್ಮ ಮೈಗೆ. ಹೆದರುವಷ್ಟೇನೂ ಇಲ್ಲ. ಮೈಗೆ ತಾಗುವ ವಿಕಿರಣವನ್ನು ಮೈಕ್ರೋಸೀವರ್ಟ್ ಲೆಕ್ಕದಲ್ಲಿ ಅಳೆಯುತ್ತಾರೆ, ಒಂದು ಡಿಜಿಟಲ್ ಓಪಿಜಿಗೆ ಸುಮಾರು 20. ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ಮೂರು ದಿನದಲ್ಲಿ ತಾಗುವಷ್ಟು. ಆದರೂ ಬೇಡದ್ದು ಯಾಕೆ? ಬಸುರಿಯರು ದಯವಿಟ್ಟು ಮೊದಲೇ ತಿಳಿಸಿ. ಕತ್ತಿಗೆ ವಿಕಿರಣ ತಡೆಯುವ ಕಾಲರ್ ಯಾಕೆ ಹಾಕಲ್ಲ ಅಂತಲೂ ಕೇಳುತ್ತಾರೆ. ಓಪಿಜಿಯಲ್ಲಿ ಅದು ಕಿರಣಕ್ಕೇ ಅಡ್ಡ ಬರುತ್ತದೆ.

ತಾಳಿ ಬಗ್ಗೆ ಹೆಣ್ಣುಮಕ್ಕಳಿಗೆ ಇರುವ ಸಂಕಟ ನಮಗೆ ಅರ್ಥವಾಗುತ್ತದೆ. ಬಿಚ್ಚಿ ಇಡಿ ಅಂತ ಬಲವಂತ ಮಾಡುವುದಿಲ್ಲ. ಕೌಂಟರಿನಲ್ಲಿ ಅರಿಶಿನದ ದಾರ ಇಟ್ಟಿದ್ದೇವೆ. ಸರ ತೆಗೆದು, ತಾಳಿಯನ್ನು ದಾರಕ್ಕೆ ಪೋಣಿಸಿ ಎದೆಯ ಕೆಳಗೆ ಇಳಿಬಿಟ್ಟುಕೊಳ್ಳಿ. ದಾರ ಎಕ್ಸ್-ರೇನಲ್ಲಿ ಕಾಣುವುದಿಲ್ಲ. ಒಡವೆ ನಿಮ್ಮ ಜೊತೆ ಬಂದವರ ಕೈಯಲ್ಲೇ ಇರಲಿ. ಒಬ್ಬರೇ ಬಂದರೆ ಬೀಗದ ಡಬ್ಬಿ ಇದೆ, ಕೀ ನಿಮ್ಮ ಹತ್ತಿರವೇ. ಮೂಗುಬೊಟ್ಟಿನ ತಿರುಪು ಬಿಗಿಯಾಗಿದ್ದರೆ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಬಿಟ್ಟು ಸಡಿಲ ಮಾಡಿಕೊಂಡು ಬನ್ನಿ. ಏನು ಮಾಡಿದರೂ ಬರದಿದ್ದರೆ ವಾಪಸ್ ಕಳಿಸುವುದಿಲ್ಲ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡೇ ತೆಗೆಯುತ್ತೇವೆ.

ಈ ತಿಂಗಳ ಚೀಟಿ ಇರುವವರಿಗೆ ಹಳೇ ರೇಟೇ, ಮುಂದಿನ ತಿಂಗಳು ಬಂದರೂ ಸರಿ. ಬೆಳಗ್ಗೆ 11ರಿಂದ 2ರವರೆಗಿನ ಟೈಮನ್ನು ಬಸ್ಸಿನಲ್ಲಿ ಹಳ್ಳಿಯಿಂದ ಬರುವವರಿಗೇ ಇಟ್ಟಿದ್ದೇವೆ. ಬಸ್ ತಡವಾದರೆ ಒಂದು ಫೋನ್ ಮಾಡಿ, ಕಾಯುತ್ತೇವೆ.

ಇಂತಿ ನಿಮ್ಮ,
ಹಲ್ಲಿನ ಎಕ್ಸ್-ರೇ ಸೆಂಟರ್‌ನವರು, ಹಾಸನ