ಸಾಕ್ಷಿ ಹುಡುಕುವುದು ಮೇಷ್ಟ್ರ ಕೆಲಸವಲ್ಲ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ವಂದನೆಗಳು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರಷ್ಟೇ ಅಲ್ಲ, ನಡೆಯಬಹುದು ಎಂಬ ಆತಂಕ ಇರುವವರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಂ. ಸಾಕ್ಷಿ ಒದಗಿಸಿ ಎಂದು ಅದು ಕೇಳುವುದಿಲ್ಲ. ಆದರೆ ಶಾಲೆ, ಹಾಸ್ಟೆಲುಗಳಲ್ಲಿ ವಿಷಯ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. "ಮೊದಲು ಖಾತ್ರಿ ಮಾಡಿಕೊಳ್ಳೋಣ" ಅನ್ನುತ್ತಾರೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಸೇರುತ್ತಾರೆ, ಊರ ಹಿರಿಯರು ಬರುತ್ತಾರೆ, ಮಗುವನ್ನು ಒಬ್ಬೊಬ್ಬರೂ ಕರೆದು ಕೇಳುತ್ತಾರೆ. ಅಷ್ಟರಲ್ಲಿ ಆರೋಪಿಗೆ ಸುದ್ದಿ ಮುಟ್ಟಿ, ಮಗು ಹೆದರಿ ಮಾತು ಬದಲಿಸಿರುತ್ತದೆ. ಆದ್ದರಿಂದ ಪ್ರತಿ ಶಾಲೆ, ಅಂಗನವಾಡಿ, ಹಾಸ್ಟೆಲ್, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಿಮ್ಮ ಸಹಿಯಿರುವ ಒಂದು ಪುಟದ ಆದೇಶ ಹೋಗಲಿ ಎಂಬುದು ನಮ್ಮ ಬೇಡಿಕೆ.

ಮೊದಲು ಅದರಲ್ಲಿ ಗುರುತುಗಳಿರಲಿ. ಆಡುವ ಮಗು ಬಿದ್ದರೆ ಮೊಣಕಾಲು, ಮೊಣಕೈ, ಹಣೆ ತರಚುತ್ತದೆ. ಕಿವಿ, ಕುತ್ತಿಗೆ, ಬೆನ್ನು, ತೊಡೆಯ ಒಳಭಾಗದಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತು, ಬೆಲ್ಟಿನ ಅಗಲದ ಬಾಸುಂಡೆ, ಸೌಟು ಕಾಯಿಸಿ ಎಳೆದ ಬರೆ ಇವೆಲ್ಲ ಸಾಮಾನ್ಯವಾಗಿ ಬಿದ್ದು ಆಗುವಂಥವಲ್ಲ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಇಂಥ ಗುರುತು ಕಂಡರೆ ಅದೇ ದಿನ ವೈದ್ಯರು ನೋಡಬೇಕು. ತಾಯಿ ಒಂದು ಕಾರಣ, ಚಿಕ್ಕಪ್ಪ ಇನ್ನೊಂದು ಕಾರಣ ಹೇಳಿದರೆ, ಗಾಯವಾಗಿ ದಿನಗಟ್ಟಲೆ ಆಸ್ಪತ್ರೆಗೆ ತೋರಿಸದಿದ್ದರೆ ಅದನ್ನೂ ಬರೆದಿಡಬೇಕು. ಲೈಂಗಿಕ ದೌರ್ಜನ್ಯದಲ್ಲಂತೂ ಎಷ್ಟೋ ಸಲ ಮೈಮೇಲೆ ಏನೂ ಕಾಣುವುದಿಲ್ಲ. ದೊಡ್ಡ ಮಗು ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುವುದು, ಒಬ್ಬರನ್ನು ಕಂಡರೆ ಮಾತ್ರ ಮುದುಡುವುದು, ಶಾಲೆ ಬಿಟ್ಟರೂ ಮನೆಗೆ ಹೋಗಲೊಲ್ಲದಿರುವುದು ಸಂಶಯಕ್ಕೆ ಎಡೆಕೊಡಬೇಕು.

ನಿರ್ಲಕ್ಷ್ಯ ಮತ್ತು ಬಡತನ ಒಂದೇ ಅಲ್ಲ. ಇಲ್ಲಿ ಎಚ್ಚರ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಂತಾಗ ಕರಾವಳಿಯ ಮೀನುಗಾರ ಕೇರಿಯಲ್ಲಿ ಮಗು ಸೊರಗಿದರೆ ಆ ಮನೆಗೆ ಬೇಕಾದ್ದು ರೇಷನ್, ಕೇಸಲ್ಲ. ಮನೆಯಲ್ಲಿ ಅನ್ನವಿದ್ದೂ ಒಂದು ಮಗುವಿಗೆ ಮಾತ್ರ ಊಟ ಹಾಕದಿರುವುದು, ಕಿವಿಯಲ್ಲಿ ಕೀವು ಸೋರುತ್ತಿದ್ದರೂ ಸರ್ಕಾರಿ ಆಸ್ಪತ್ರೆಗೂ ಒಯ್ಯದಿರುವುದು ನಿರ್ಲಕ್ಷ್ಯ. ಬೇಕೆಂದೇ ಹೀಗೆ ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಅಪರಾಧ. ಭಾನುವಾರದ ರಜೆ ಕಳೆದು ಸೋಮವಾರ ಮತ್ತೆ ಮತ್ತೆ ಅನ್ನ ಹಾಕಿಸಿಕೊಳ್ಳುವ ಮಗುವನ್ನು ಮೊದಲು ಗಮನಿಸುವವರು ಬಿಸಿಯೂಟದ ಅಡುಗೆಯವರು. ತರಬೇತಿಗೆ ಶಿಕ್ಷಕರ ಜೊತೆ ಅವರನ್ನೂ ದಯವಿಟ್ಟು ಕರೆಯಿರಿ.

ಮಗು ಬಾಯಿಬಿಟ್ಟಾಗ ಒಬ್ಬರೇ, ಒಂದೇ ಸಲ ಕೇಳಬೇಕು. "ಏನಾಯ್ತು, ಹೇಳು" ಎಂದರೆ ಸಾಕು. "ಅವನು ನಿನ್ನನ್ನು ಮುಟ್ಟಿದನಾ?" ಎಂದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತೆ, ಮುಂದೆ ನ್ಯಾಯಾಲಯದಲ್ಲಿ ವಕೀಲರು ಹಿಡಿಯುವುದು ಅದನ್ನೇ. ಮಗು ಆಡಿದ ಮಾತನ್ನು ಅದರದ್ದೇ ಪದಗಳಲ್ಲಿ, ಅದು ಕೊಂಕಣಿಯಾಗಲಿ ಹವ್ಯಕವಾಗಲಿ, ತಿದ್ದದೆ ಬರೆದು ದಿನಾಂಕ, ಹೊತ್ತು ಹಾಕಬೇಕು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬಾರದು. ಸಂಶಯ ಮನೆಯವರ ಮೇಲೇ ಇದ್ದರೆ ಮನೆಗೆ ಮೊದಲು ಫೋನ್ ಮಾಡಲೇಬಾರದು.

ಘಟನೆ ಇತ್ತೀಚಿನದಾದರೆ ಮಗುವಿಗೆ ಸ್ನಾನ ಮಾಡಿಸಬಾರದು, ಬಟ್ಟೆ ಒಗೆಯಬಾರದು. ಬಟ್ಟೆ ಬದಲಿಸಿದ್ದರೆ ಕಾಗದದ ಲಕೋಟೆಯಲ್ಲಿಡಬೇಕು. ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿ ಸಾಕ್ಷ್ಯ ಕೆಡುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಚಿಕಿತ್ಸೆಗೆ ಎಫ್‌ಐಆರ್ ಬೇಕಿಲ್ಲ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಕೊಡಬೇಕು. ಆರೋಗ್ಯ ಇಲಾಖೆ ಇದನ್ನು ಪ್ರತಿ ಆಸ್ಪತ್ರೆಗೂ ಬರೆದು ತಿಳಿಸಲಿ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಹಗಲು ರಾತ್ರಿ ಉಚಿತ. ಆದರೆ ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ಲೇ ಸಿಗದು. ಹಾಗಾಗಿ ಆ ಪುಟದಲ್ಲಿ ಆಯಾ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಇರಲಿ. ಠಾಣೆಯಲ್ಲಿ ದೂರನ್ನು ಬರೆದುಕೊಂಡು, ಓದಿ ಹೇಳಿ, ನಮೂದು ಸಂಖ್ಯೆ ಹಾಕಬೇಕು. "ನಮ್ಮ ವ್ಯಾಪ್ತಿ ಅಲ್ಲ, ಕುಮಟಾಕ್ಕೆ ಹೋಗಿ" ಎನ್ನುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಸಮಿತಿ ಕೂತಿಲ್ಲದ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು. ಮುಂಡಗೋಡ, ಹಳಿಯಾಳದಿಂದ ಘಟ್ಟ ಇಳಿದು ಕಾರವಾರಕ್ಕೆ ಬರುವ ದೂರ ನೋಡಿದರೆ, ಈ ಅವಕಾಶ ಎಲ್ಲ ಠಾಣೆಗೂ ಗೊತ್ತಿರಲೇಬೇಕು.

ಹೆದರಿಕೆಯ ಮಾತೂ ಇದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲಾಗದು. ತಿಳಿಸದವರಿಗೆ 6 ತಿಂಗಳವರೆಗೆ ಜೈಲು. ಕೈಕೆಳಗಿನ ಸಿಬ್ಬಂದಿಯ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಇದು ಆದೇಶದಲ್ಲಿ ದಪ್ಪಕ್ಷರದಲ್ಲಿರಲಿ.

ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವವರು ನೀವೇ. ಆ ಸಭೆಯಲ್ಲಿ ಪ್ರತಿ ಪ್ರಕರಣಕ್ಕೂ ಎರಡು ದಿನಾಂಕ ಕೇಳಿ: ಸಂಶಯ ಮೊದಲು ಬಂದದ್ದು ಯಾವತ್ತು, ಠಾಣೆಗೆ ಮುಟ್ಟಿದ್ದು ಯಾವತ್ತು. ಜೂನ್‌ನಲ್ಲಿ ಶಾಲೆ ಶುರುವಾಗುವಷ್ಟರಲ್ಲಿ ಆದೇಶ ಹನ್ನೆರಡೂ ತಾಲ್ಲೂಕುಗಳಿಗೆ ತಲುಪಲಿ ಎಂದು ಕೋರುತ್ತೇವೆ.

ಇತಿ,
ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಶಿರಸಿ, ಕಾರವಾರದ ನಾಗರಿಕರು